ಎಷ್ಟು ನಿಮಿಷಕ್ಕೆ ಒಂದು ಇಂಚು

ನೆಲಕ್ಕೆ ನೀರು ಹೊಯ್ದು, ಗಡಿಯಾರ ನೋಡುತ್ತ ಕೂತ ಮನುಷ್ಯ ಕಣ್ಣಿಗೆ ಬಿದ್ದರೆ ನಮ್ಮ ಸೀಮೆಯಲ್ಲಿ ಯಾರೂ ಸುಮ್ಮನೆ ದಾಟಿ ಹೋಗುವುದಿಲ್ಲ. ಏನಾದರೊಂದು ಆಗಿಯೇ ತೀರುತ್ತದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಇಂಡಿಯಿಂದ ಮುದ್ದೇಬಿಹಾಳದವರೆಗೆ ಏಳೆಂಟು ಹಿತ್ತಲುಗಳಲ್ಲಿ ನಾನು ಹಾಗೆ ಕೂತಿದ್ದೇನೆ. ನಗುವ ಮನಸ್ಸಿದ್ದ ಕಾಲವಲ್ಲ ಅದು. ಆದರೂ ಒಂದು ಕಡೆಯಿಂದಲೂ ನಗದೆ ಎದ್ದು ಬಂದ ನೆನಪಿಲ್ಲ.

ನಾನು ಇಂಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಆ ವರ್ಷ ಸಂಕ್ರಾಂತಿಯಾದ ಮೇಲೆ ನನ್ನ ಹೆಂಡತಿ ತೀರಿಕೊಂಡಳು. ಹೋಗುವ ಹದಿನೈದು ದಿನ ಮೊದಲು, ದವಾಖಾನೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಅಂದಿದ್ದಳು: "ಅವ್ವನ ಮೊಣಕಾಲು ಪೂರಾ ಹ್ವಾಗ್ಯಾವ. ಮಳಿಗಾಲದಾಗ ಬೈಲಕಡಿ ಹೋಗಿ ಎರಿ ರಾಡ್ಯಾಗ ಜಾರಿ ಬಿದ್ದಾಳ. ಮಿರಗದ ಮಳಿ ಬರೂದ್ರಾಗ ಹಿತ್ತಲದಾಗ ಆಕಿಗೊಂದು ಸಂಡಾಸ ಕಟ್ಟಸ್ರಿ. ಆದ್ರ ಆಕಿನ್ನ ಕೇಳದ ಮಾತ್ರ ಕಟ್ಟಸಬ್ಯಾಡ್ರಿ."

ಅತ್ತೆಯ ಊರು ಬಸವನ ಬಾಗೇವಾಡಿ ತಾಲೂಕಿನಲ್ಲಿ, ಮನಗೂಳಿಯ ಹತ್ತಿರ. ಅವರ ಓಣಿಯಲ್ಲೇ ಒಬ್ಬರು ಹಿಂದೆ ಮುಂದೆ ನೋಡದೆ ಎರಿ, ಅಂದರೆ ಕಪ್ಪು ಜಿಗುಟು ನೆಲದಲ್ಲಿ ಸಣ್ಣ ತಗ್ಗು ತೋಡಿ ಸಂಡಾಸ ಕಟ್ಟಿಸಿದ್ದರು. ಮೊದಲ ಮಳೆಗೇ ಅದು ತುಂಬಿ ಅಂಗಳಕ್ಕೆ ಬಂತು. ಹಾಗಾಗಬಾರದೆಂದು ನಾನು ಗುರುತಿನ ಎಂಜಿನಿಯರೊಬ್ಬರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು: ಒಂದು ಫೂಟು ಅಗಲದ, ಮೊಣಕಾಲು ಮುಳುಗುವಷ್ಟು ಆಳದ ತಗ್ಗು ತೋಡಿ, ನೀರು ತುಂಬಿ, ಒಂದು ರಾತ್ರಿ ನೆಲಕ್ಕೆ ಕುಡಿಸಬೇಕು. ಬೆಳಿಗ್ಗೆ ಮತ್ತೆ ನೀರು ಹಾಕಿ, ಅಳತೆಪಟ್ಟಿ ನಿಲ್ಲಿಸಿ, ಒಂದು ಇಂಚು ಇಳಿಯಲು ಎಷ್ಟು ನಿಮಿಷ ಬೇಕೆಂದು ಬರೆದುಕೊಳ್ಳಬೇಕು. ಬೇಗ ಇಳಿದರೆ ಇಂಗುಗುಂಡಿ ಸಣ್ಣದು ಸಾಕು. ತಡವಾಗಿ ಇಳಿದರೆ ದೊಡ್ಡದು ಬೇಕು. ಇಳಿಯದಿದ್ದರೆ ಆ ಜಾಗ ಬಿಡಬೇಕು.

ಕಲಿಸುವುದಕ್ಕಿಂತ ಸುಲಭದ ಕೆಲಸ ಅನ್ನಿಸಿತು.

೧. ಎರಡು ತಾಟು

ಮೊದಲು ಕೈ ಪಳಗಲಿ ಎಂದು ಇಂಡಿಯ ನನ್ನ ಬಾಡಿಗೆ ಮನೆಯ ಹಿತ್ತಲಲ್ಲೇ ಒಂದು ತಗ್ಗು ತೋಡಿದೆ. ನಮ್ಮ ಓಣಿಗೆ ಆಗ ನಾಲ್ಕು ದಿನಕ್ಕೊಮ್ಮೆ ನಳ ಬರುತ್ತಿತ್ತು. ಅಂಥ ನೀರನ್ನು ನಾನು ಕೊಡಗಟ್ಟಲೆ ನೆಲಕ್ಕೆ ಹೊಯ್ಯುವುದನ್ನು ಪಕ್ಕದ ಮನೆಯ ಅಕ್ಕ ಗೋಡೆಯ ಮೇಲಿಂದ ನೋಡಿದರು.

"ಮಾಸ್ತರ, ಏನ್ ಮಾಡಾಕತ್ತೀರಿ?"

"ನೀರು ಇಂಗೂದು ನೋಡಾಕತ್ತೇನ್ರಿ ಅಕ್ಕಾರ."

"ನೋಡಿ?"

"ಎಷ್ಟು ನಿಮಿಷ ತಗೊಂತೈತಿ ಬರಕೋತೇನಿ."

ಅವರು ಒಳಗೆ ಹೋದರು. ಗೋಡೆ ಗಿಡ್ಡದು, ಮಾತು ನನಗೆ ಕೇಳಿಸಿತು. ಗಂಡನಿಗೆ ಹೇಳುತ್ತಿದ್ದರು: "ಪಾಪ, ಹೆಂಡ್ತಿ ಹ್ವಾದ ಮ್ಯಾಲ ಮಾಸ್ತರಿಗೆ ತಲಿ ನೆಟ್ಟಗಿಲ್ಲ. ಒಬ್ಬರ ಕುಂತು ತಗ್ಗಿನಾಗ ಏನೋ ನೋಡಾಕತ್ತಾರ. ಹೋಗಿ ಜೋಡಿ ಕುಂದರ್ರಿ."

ಗಂಡ ಬಂದು ಕೂತರು. ಅವರು ಅಡತಿ ಅಂಗಡಿಯಲ್ಲಿ ಕಾಳು ತೂಗುವವರು. ಮೊದಲು ಸ್ವಲ್ಪ ಹೊತ್ತು, ಬಂದವರೆಲ್ಲ ಹೋಗುವವರೇ, ನಾವು ಗಟ್ಟಿಯಾಗಬೇಕು ಎಂದು ಸಮಾಧಾನ ಹೇಳಿದರು. ನಾನು ತಲೆ ಅಲ್ಲಾಡಿಸುತ್ತ ಪಟ್ಟಿ ನೋಡುತ್ತಿದ್ದೆ. ಹತ್ತು ನಿಮಿಷಕ್ಕೆ ಅವರ ಕಣ್ಣೂ ಪಟ್ಟಿಯ ಮೇಲೆ ಬಿತ್ತು.

"ಎಷ್ಟಿಳೀತ್ರಿ?"

"ಒಂದು ನೂಲು," ಎಂದೆ, ಅಂದರೆ ಇಂಚಿನ ಎಂಟನೆಯ ಒಂದು ಪಾಲು.

"ಎಲ್ಲೀದ್ರಿ? ಎರಡಕ್ಕ ಬಂದೈತಿ. ನೀವು ಮ್ಯಾಲಿಂದ ನೋಡಾಕತ್ತೀರಿ. ತಕ್ಕಡಿ ಮುಳ್ಳನ್ನೂ ಹಂಗ ನೋಡಬಾರದು, ಕಣ್ಣು ಅದರ ಸಮಕ್ಕ ತರಬೇಕು." ಹೀಗೆಂದು ಅವರು ಹೊಟ್ಟೆಯ ಮೇಲೆ ಮಲಗಿ ತಗ್ಗಿನೊಳಗೆ ತಲೆ ಇಳಿಸಿದರು. ಮಾತು ಸರಿಯಾಗಿತ್ತು. ಅದನ್ನೇ ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ನಾನೂ ಮಲಗಿದೆ.

ಅಕ್ಕ ನನಗೆಂದು ರೊಟ್ಟಿ, ಪುಂಡಿಪಲ್ಲೆ ತಾಟಿನಲ್ಲಿಟ್ಟುಕೊಂಡು ಬಂದರು. ತಗ್ಗಿನ ಎರಡು ಕಡೆ ಎರಡು ತಲೆ ಕಂಡು ನಿಂತರು. ತಿರುಗಿ ಹೋಗಿ ಇನ್ನೊಂದು ತಾಟು ತಂದಿಟ್ಟರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಗೆಳತಿಗೆ ಮೆಲ್ಲಗೆ ಅಂದರು: "ಇವರಿಗೂ ಹತ್ತೇತವ್ವಾ."

೨. ಚಹಾದ ಉತ್ತರ

ಕೈ ಪಳಗಿತು. ಇನ್ನು ಅತ್ತೆಯನ್ನು ಕೇಳಬೇಕಿತ್ತು.

ಇಲ್ಲಿ ಒಂದು ತೊಡಕು. ಅಳಿಯ ಬಂದರೆ ಸೆರಗು ಮುಂದೆಳೆದುಕೊಂಡು ಬಾಗಿಲ ಮರೆಗೆ ನಿಲ್ಲುವುದು, ನೇರ ಮಾತಾಡದಿರುವುದು ನಮ್ಮ ಅತ್ತೆ ಪಾಲಿಸಿಕೊಂಡು ಬಂದ ಹಳೆಯ ರೀತಿ. ಮದುವೆಯಾಗಿ ಹತ್ತೊಂಬತ್ತು ವರ್ಷ, ನಮ್ಮಿಬ್ಬರ ಮಾತೆಲ್ಲ ನನ್ನ ಹೆಂಡತಿಯ ಬಾಯಿಂದಲೇ ಆಗಿದೆ. ಅತ್ತೆ ನಾಲ್ಕು ಮೊಳ ದೂರದಲ್ಲಿ ನಿಂತು "ಊಟಕ್ಕ ಏಳ್ತಾರೇನ್ ಕೇಳ" ಅನ್ನುವರು. ಹೆಂಡತಿ ನನ್ನ ಕಡೆ ತಿರುಗಿ "ಊಟಕ್ಕ ಏಳ್ತೀರೇನ್ ಅಂತಾಳ" ಅನ್ನುವಳು. ನಾನು "ಈಗ ಬ್ಯಾಡ ಅಂತ ಹೇಳು" ಅನ್ನುವೆ. ಅವಳು "ಎಲಿ ಹಾಕು ಅಂದ್ರು" ಎಂದು ಹೇಳುವಳು. ಹೀಗೆ ನಡೆದಿತ್ತು.

ಈಗ ಆ ಬಾಯಿ ಇರಲಿಲ್ಲ. ಹೆಂಡತಿಯ ತಮ್ಮ ಅವ್ವನ ಜೊತೆಯಲ್ಲೇ ಇದ್ದು ಒಕ್ಕಲುತನ ಮಾಡುತ್ತಾನೆ. ಇನ್ನೂ ಮದುವೆಯಾಗಿರಲಿಲ್ಲ. ಅವನಿಗೆ ಹೇಳಿ ನೋಡಿದೆ.

"ನಾ ಒಲ್ಲೆ ಮಾಮಾ. ಅವ್ವನ ಮುಂದ ಸಂಡಾಸದ ಮಾತು ನಾ ಹ್ಯಾಂಗ ತಗೀಲಿ? ನೀವು ಸಾಲಿ ಕಲ್ತವರು, ನೀವ ಕೇಳ್ರಿ."

ಒಂದು ಭಾನುವಾರ ಪಡಸಾಲೆಯಲ್ಲಿ ಕೂತು, ಯಾರನ್ನೂ ನೋಡದೆ, ಗೋಡೆಗೆ ಹೇಳಿದ ಹಾಗೆ ಹೇಳಿದೆ: "ಹಿತ್ತಲದಾಗ ಒಂದು ಸಂಡಾಸ ಕಟ್ಟಿಸಬೇಕಂತ ಐತಿ. ಏನಂತಾರೋ?"

ಒಳಗೆ ಬಳೆಯ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಹೊಸ್ತಿಲ ಮೇಲೆ ಒಂದು ಬಟ್ಟಲು ಚಹಾ ಬಂತು. ಕುಡಿದೆ. ಇದು ಹೌದೋ ಅಲ್ಲವೋ ತಿಳಿಯದೆ ಮತ್ತೆ ಕೇಳಿದೆ. ಮತ್ತೊಂದು ಬಟ್ಟಲು ಬಂತು. ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ಚಹಾವೇ ಉತ್ತರ. ಅತ್ತೆಗೆ ಬೇಡವಾಗಿದೆ ಎಂದು ತಿಳಿದುಕೊಂಡು ಬಸ್ಸು ಹತ್ತಿದೆ.

ಇಂಡಿ ತಲುಪುವ ತನಕದ ಆ ದಾರಿಯಲ್ಲಿ, ಸಂಡಾಸ ನನಗೇ ಅತ್ತೆಗಿಂತ ಜರೂರಾಗಿತ್ತು.

೩. ಕಾಯಿ ತಂದವರು

ಅಷ್ಟರಲ್ಲಿ, ಮಾಸ್ತರರು ನೆಲ ಪರೀಕ್ಷೆ ಮಾಡುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಮನೆಯಲ್ಲಿ ಒಬ್ಬನೇ ಕೂಡುವುದು ತಪ್ಪುತ್ತದೆಂದು ಕರೆದಲ್ಲಿಗೆ ಹೋಗುತ್ತಿದ್ದೆ. ಝಳಕಿಯ ಕಡೆಯ ಒಬ್ಬ ಮಾಸ್ತರರ ಹೊಸ ಮನೆಗೆ ಹೋದಾಗ, ನಾನು ಬಗ್ಗಿ ತಗ್ಗು ನೋಡುತ್ತಿರುವುದನ್ನು ಕಂಡು ವಯಸ್ಸಾದ ರೈತರೊಬ್ಬರು ಬಂದು ನಿಂತರು. ಮನೆಗೆ ಹೋಗಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಒಂದು ತೆಂಗಿನಕಾಯಿ ಹಿಡಿದುಕೊಂಡು ತಿರುಗಿ ಬಂದರು. ಬೋರು ಹಾಕುವ ಮೊದಲು ಅಂಗೈ ಮೇಲೆ ಕಾಯಿ ಇಟ್ಟುಕೊಂಡು ಹೊಲದಲ್ಲಿ ತಿರುಗಿ ನೀರಿನ ಜಾಗ ಹೇಳುವವರು ನಮ್ಮ ಕಡೆ ಇದ್ದಾರೆ. ನನ್ನನ್ನೂ ಅಂಥವನೆಂದು ತಿಳಿದಿದ್ದರು.

"ನಮ್ಮ ಹೊಲಕ್ಕೂ ಒಂದು ಹೆಜ್ಜಿ ಬರ್ರಿ. ನೀರು ಎಲ್ಲಿ ಐತಿ ಹೇಳ್ರಿ."

"ಕಾಕಾರ, ನೀರು ಎಲ್ಲಿ ಐತಿ ಅಂತ ನನಗ ತಿಳಿಯೂದಿಲ್ರಿ. ಹಾಕಿದ ನೀರು ಹ್ಯಾಂಗ ಹೋಗ್ತೈತಿ ಅನ್ನೂದಷ್ಟ ನೋಡ್ತೇನಿ."

ಅವರು ನನ್ನ ಮುಖ ನೋಡಿದರು, ತಗ್ಗು ನೋಡಿದರು. ಕಾಯಿಯನ್ನು ನಿಧಾನವಾಗಿ ಧೋತರದ ಚುಂಗಿನಲ್ಲಿ ಸುತ್ತಿಕೊಂಡರು. "ನೀರು ಹೋಗೂದು ಮೂವತ್ತು ವರ್ಷದಿಂದ ನಾನೂ ನೋಡಾಕತ್ತೇನ್ರಿ. ಅದಕ್ಕ ಮಾಸ್ತರ ಯಾಕ ಬೇಕು?"

೪. ಸಿಂದಗಿಯ ಅಜ್ಜ

ಸಿಂದಗಿಯಲ್ಲಿ ಒಂದು ಹಳೆಯ ಮನೆ. ಮನೆಯ ಯಜಮಾನ ಕಿರಾಣಿ ವ್ಯಾಪಾರಿ. ಅವನ ಅಜ್ಜ ಹಿತ್ತಲ ಕಟ್ಟೆಯ ಮೇಲೆ ಕೂತು ಬೆಳಗಿನಿಂದ ನಮ್ಮನ್ನು ನೋಡುತ್ತಿದ್ದರು. ತಗ್ಗು ತೋಡಿ ಒಂದು ಕೊಡ ನೀರು ಹಾಕಿದೆವು. ಗಟಗಟ ಕುಡಿದ ಹಾಗೆ ಹೋಯಿತು. ಎರಡನೆಯ ಕೊಡ, ಐದನೆಯ ಕೊಡ, ಹತ್ತನೆಯ ಕೊಡ. ಪಟ್ಟಿ ಒದ್ದೆಯಾಗುವಷ್ಟು ನೀರೂ ನಿಲ್ಲಲಿಲ್ಲ.

"ಪಹಿಲಾ ನಂಬರ್ ನೆಲ ಬಿಡ್ರಿ ಸರ್!" ಎಂದು ಯಜಮಾನ ಕುಣಿದಾಡಿದ. ನಾನು ಪುಸ್ತಕದಲ್ಲಿ ಏನು ಬರೆಯುವುದೆಂದು ತಿಳಿಯದೆ ಕೂತೆ. ಒಂದು ಇಂಚಿಗೆ ಎಷ್ಟು ನಿಮಿಷ ಎಂದು ಬರೆಯಬೇಕಾದರೆ ಮೊದಲು ಒಂದು ಇಂಚು ನೀರಾದರೂ ನಿಲ್ಲಬೇಕಲ್ಲ. ಇಪ್ಪತ್ತನೆಯ ಕೊಡಕ್ಕೆ ಮನೆಯ ಹೆಣ್ಣುಮಕ್ಕಳು "ನಾಳಿ ಕುಡ್ಯಾಕರ ಬಿಡ್ರಿ" ಎಂದು ಕೊಡ ಕಸಿದುಕೊಂಡರು.

ಆಗ ಅಜ್ಜ ಕಟ್ಟೆಯ ಮೇಲಿಂದ ಕೇಳಿದರು: "ಅದು ತುಂಬೂಮಟಾ ಹಾಕೂದೈತೇನು?"

"ಯಾಕ್ರಿ ಅಜ್ಜಾರ?"

"ಅದರ ಬುಡಕ ನಮ್ಮಪ್ಪನ ಕಾಲದ ಹಗೇವು ಐತಿ. ನಲವತ್ತು ಚೀಲ ಜೋಳ ಹಿಡೀತಿತ್ತು."

ಹಗೇವು ಎಂದರೆ ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಬಾಯಿ ಮುಚ್ಚಿ ಐವತ್ತು ವರ್ಷವಾಗಿತ್ತು. ಮೊಮ್ಮಗ ಸಿಟ್ಟಿಗೆದ್ದ. "ಮುಂಜಾನಿಂದ ಕುಂತೀ ಮುತ್ಯಾ, ಮೊದಲ ಹೇಳಾಕ ಏನಾಗಿತ್ತು?"

ಅಜ್ಜ ಸಮಾಧಾನದಿಂದ ಹೇಳಿದರು: "ಮಾಸ್ತರ ಪುಸ್ತಕಾ ನೋಡಿ ಹಾಕಾಕತ್ತಾರ. ಹಗೇವು ತೊಳ್ಯಾಕ ಬಂದಾರ ಅಂದ್ಕೊಂಡೆ."

೫. ನಪಾಸು

ಮುದ್ದೇಬಿಹಾಳ ತಾಲೂಕಿನ ಒಂದು ಊರಿನಲ್ಲಿ ಒಬ್ಬ ರೈತರು ಕರೆದರು. ಅವರ ಮಗಳು ಹಾಸ್ಟೆಲಿನಲ್ಲಿದ್ದು ಕಾಲೇಜು ಕಲಿಯುತ್ತಿದ್ದಳು. ಬೇಸಿಗೆಯ ಸೂಟಿಗೆ ಬಂದವಳು ಮನೆಯಲ್ಲಿ ಸಂಡಾಸ ಆಗದಿದ್ದರೆ ಮುಂದಿನ ಸೂಟಿಗೆ ಬರುವುದಿಲ್ಲ ಅಂದಿದ್ದಳಂತೆ. ನಾನು ಸಂಜೆಗೆ ತಗ್ಗು ತೋಡಿಸಿ, ನೀರು ತುಂಬಿಸಿ, "ನಾಳಿ ಮುಂಜಾನೆ ಪರೀಕ್ಷಾ" ಎಂದು ಹೇಳಿ ಮಲಗಿದೆ. ಈ ಒಂದು ಶಬ್ದ ಹೇಳಬಾರದಾಗಿತ್ತು.

ಬೆಳಿಗ್ಗೆ ತಗ್ಗಿನಲ್ಲಿ ನೀರು ನಿನ್ನೆ ಇದ್ದಷ್ಟೇ ಇತ್ತು. ಪಟ್ಟಿ ಇಟ್ಟು ಒಂದು ತಾಸು ಕೂತೆ. ಒಂದು ನೂಲೂ ಇಳಿಯಲಿಲ್ಲ. ರೈತರು ಹೊಸ ರುಮಾಲು ಸುತ್ತಿಕೊಂಡು ಬಂದು ನಿಂತರು.

"ಹೆಂಗ್ರಿ ಮಾಸ್ತರ? ಒಂದ್ ಹನಿ ಬಿಟ್ಟಿಲ್ಲ ನೋಡ್ರಿ."

"ನಪಾಸ್ರಿ."

ಅವರ ಮುಖ ಕೆಂಪಗಾಯಿತು. "ಏನಂದ್ರಿ? ಒಂದ ಮಳಿ ಹಿಡಕೊಂಡು ಜೋಳ ಬೆಳಿಯೂ ಎರಿ ಇದು. ಸುತ್ತ ಹತ್ತು ಹಳ್ಳ್ಯಾಗ ಇಂಥಾ ಮಣ್ಣಿಲ್ಲ. ನಮ್ಮ ಮಣ್ಣು ನಪಾಸ?"

ಹೊಲಕ್ಕೆ ಗುಣವಾದದ್ದು ಸಂಡಾಸಕ್ಕೆ ದೋಷ, ಇಲ್ಲಿ ನೀರು ಹಿಡಿಯಬಾರದು, ಬಿಡಬೇಕು ಎಂದು ನಾನು ತಿಳಿಸಿ ಹೇಳಿದೆ. ಅವರು ನಿಂತಲ್ಲೇ ಕೂತರು. ಅಪ್ಪನ ಹಿಂದೆ ನಿಂತಿದ್ದ ಮಗಳು ನಗು ತಡೆಯಲಾರದೆ ಬಾಯಿ ಬಿಟ್ಟಳು: "ಸರ್, ಪರೀಕ್ಷಾ ಅಂದ್ರೆಲ್ಲಾ ನೀವು? ಊರ ಮರ್ಯಾದಿ ಅಂತ ನಸಿಕಿನ್ಯಾಗ ಎದ್ದು, ನೀರು ತಗದು, ತಗ್ಗಿಗೆ ಒಳಗ ಸಗಣಿ ಸಾರಿಸಿ, ಮತ್ತ ನೀರು ತುಂಬ್ಯಾನ ನಮ್ಮಪ್ಪ."

ಆ ಮಣ್ಣು ಸಗಣಿ ಇಲ್ಲದೆಯೂ ಇಳಿಸುತ್ತಿರಲಿಲ್ಲ. ಮರುದಿನ ನೋಡಿದೆವು, ಹಾಗೇ ಆಯಿತು. ಕೊನೆಗೆ ರಸ್ತೆಯ ಕಡೆ ಗರಸು, ಅಂದರೆ ನೀರು ಬಿಡುವ ಹರಳುಕಲ್ಲಿನ ಮಣ್ಣು ಸಿಕ್ಕಿ ಅಲ್ಲಿ ಜಾಗ ಗೊತ್ತು ಮಾಡಿದೆವು. ಆದರೆ ಇಪ್ಪತ್ತು ವರ್ಷದ ನೌಕರಿಯಲ್ಲಿ, ನಪಾಸಾಗುವುದಕ್ಕೆ ಕಾಪಿ ಹೊಡೆದವರನ್ನು ನಾನು ಕಂಡದ್ದು ಅದೊಂದೇ ಸಲ.

೬. ಎಮ್ಮೆಯ ಮುಂದೆ

ಮಿರಗ, ಅಂದರೆ ಮೃಗಶಿರಾ ಮಳೆ, ಹತ್ತಿರ ಬಂತು. ಅತ್ತೆಯ ಉತ್ತರ ಬಂದಿರಲಿಲ್ಲ. ಅವರ ಒಪ್ಪಿಗೆ ಇಲ್ಲದೆ ಕಟ್ಟಿಸುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವುದಿಲ್ಲ ಎಂದು ಕೊಟ್ಟಿರಲಿಲ್ಲ. ಇಷ್ಟು ಸಂದು ಸಾಕೆಂದು ಒಂದು ಶನಿವಾರ ಸಂಜೆ ಹೋಗಿ, ಹೆಂಡತಿಯ ತಮ್ಮನೂ ನಾನೂ ಕೂಡಿ ಹಿತ್ತಲಲ್ಲಿ ತಗ್ಗು ತೋಡಿ ನೀರು ತುಂಬಿದೆವು.

ಭಾನುವಾರ ಬೆಳಿಗ್ಗೆ ಅವನು ಹೊಲಕ್ಕೆ ಹೋದ. ನಾನು ತಗ್ಗಿಗೆ ಮತ್ತೆ ನೀರು ಹಾಕಿ, ಪಟ್ಟಿ ನಿಲ್ಲಿಸಿ, ಏಳು ಗಂಟೆ ಹತ್ತು ನಿಮಿಷ ಎಂದು ಬರೆದೆ. ಅತ್ತೆ ಹಾಲು ಹಿಂಡಿ ಮುಗಿಸಿ, ಹಿತ್ತಲ ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕದಲ್ಲಿ ನಿಂತಿದ್ದರು. ಮನೆಯಲ್ಲಿ ಇನ್ನಾರೂ ಇರಲಿಲ್ಲ. ಅವರು ಸೆರಗು ಮುಂದೆಳೆದು ಎಮ್ಮೆಗೆ ಹೇಳಿದರು:

"ಚಾ ಒಳಗಿಟ್ಟೇನಿ. ಆರತೈತಿ."

ಎಮ್ಮೆ ಕಿವಿ ಅಲ್ಲಾಡಿಸಿತು. ನಾನೂ ಎಮ್ಮೆಗೇ "ಕುಡದು ಬರ್ತೇನಿ" ಎಂದು ಹೇಳಿ ಒಳಗೆ ಹೋದೆ.

ಬಂದು ನೋಡಿದರೆ ನೀರು ಏಳು ಇಂಚು ಇಳಿದಿತ್ತು. ಹನ್ನೆರಡು ನಿಮಿಷಕ್ಕೆ ಏಳು ಇಂಚು. ಎಮ್ಮೆ ತನ್ನ ಜಾಗದಲ್ಲೇ ನಿಂತಿತ್ತು, ಅತ್ತೆ ಅದರ ಹಗ್ಗ ಬಿಗಿದು ಕಟ್ಟುತ್ತಿದ್ದರು. ಇಷ್ಟು ಒಳ್ಳೆಯ ನೆಲ ನಾಲ್ಕು ತಾಲೂಕಿನಲ್ಲಿ ಎಲ್ಲೂ ಕಂಡಿರಲಿಲ್ಲ. ಬರೆದುಕೊಂಡೆ. ಖಾತ್ರಿಗೆಂದು ಮತ್ತೆ ತುಂಬಿದೆ. ಈ ಸಲ ಹನ್ನೆರಡು ನಿಮಿಷಕ್ಕೆ ಅರ್ಧ ಇಂಚೂ ಇಳಿಯಲಿಲ್ಲ.

ಒಂದೇ ತಗ್ಗು, ಒಂದೇ ನೀರು, ಎರಡು ಲೆಕ್ಕ. ನಾನು ಪಟ್ಟಿ ತೆಗೆದು ಒರೆಸಿ ನೋಡಿದೆ, ಗಡಿಯಾರ ಕಿವಿಗಿಟ್ಟುಕೊಂಡೆ. ಅತ್ತೆ ಕೆಮ್ಮಿದರು. ಬಳೆ ಸದ್ದು ಮಾಡಿದರು. ಹಾಲಿನ ಚರಿಗೆಯನ್ನು ಕಲ್ಲಿನ ಮೇಲೆ ಎರಡು ಸಲ ಕುಕ್ಕಿದರು. ಚಹಾ ಮತ್ತೆ ಬೇಕೇ ಎಂದು ಕೇಳುತ್ತಿರಬೇಕೆಂದು ನಾನು ಎಮ್ಮೆಗೆ "ಬ್ಯಾಡ" ಎಂದೆ.

ಕೊನೆಗೆ, ಎರಡನೆಯ ಅಳತೆಯಲ್ಲಿ ನನ್ನದೇ ಏನೋ ತಪ್ಪಾಗಿರಬೇಕು ಎಂದು ತೀರ್ಮಾನ ಮಾಡಿ, ಗಟ್ಟಿಯಾಗಿ ಎಮ್ಮೆಗೆ ಹೇಳಿದೆ: "ಮೊದಲಿನ ಅಳತಿನ ಖರೆ ಅಂತ ಹಿಡೀತೇನಿ. ಅವರು ಹೂಂ ಅಂದ್ರ, ಸಣ್ಣ ತಗ್ಗು ತೋಡಿದ್ರ ಸಾಕು."

"ಅಯ್ಯಯ್ಯ, ಸಣ್ಣದು ತೋಡಬ್ಯಾಡ್ರೀ ಮಾಸ್ತರ! ನೀರು ಎಮ್ಮಿ ಕುಡದೈತ್ರೀ! ಕಣ್ಣಿ ಹರಕೊಂಡು ಬಂದು ಕುಡದೈತಿ!"

ಹತ್ತೊಂಬತ್ತು ವರ್ಷದಲ್ಲಿ ಅತ್ತೆ ನನಗೆ ನೇರ ಆಡಿದ ಮೊದಲ ಮಾತು ಅದು. ಸೆರಗು ಹೆಗಲಿಗೆ ಜಾರಿತ್ತು. ಅವರ ಮುಖವನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಹುಬ್ಬು ಮಗಳದೇ.

ಒಂದು ಮಾತು ಹೊರಬಿದ್ದ ಮೇಲೆ ಉಳಿದವು ತಡೆಯಲಿಲ್ಲ. "ಓಣ್ಯಾಗ ಅವರದು ಸಣ್ಣ ತಗ್ಗು ತೋಡಿ ಏನಾತು ನೋಡೀರಲ್ರಿ? ದೊಡ್ಡದು ತೋಡಸ್ರಿ. ಬಾಗಲಾ ದಾರಿ ಕಡಿ ಬ್ಯಾಡ, ಕೊಟಗಿ ಕಡಿ ಮಾಡಸ್ರಿ. ಚಿಲಕಾ ಒಳಗಿಂದ ಇರಲಿ. ಮೂರು ಪಾವಟಿಗಿ ಏರೂದು ನನ್ನ ಕೈಲಿ ಆಗೂದಿಲ್ಲ, ಎರಡ ಇರಲಿ. ಕೂತು ಏಳಾಕ ಗ್ವಾಡಿಗೆ ಒಂದು ಕಬ್ಬಿಣದ ಹಿಡಿ ಬೇಕು. ಬಿಳಿ ಫರಸಿ ಹಚ್ಚಬ್ಯಾಡ್ರಿ, ಜಾರತೈತಿ, ಶಹಾಬಾದ ಕಲ್ಲು ಹಾಕ್ರಿ. ಬೆಳಕಿಂಡಿ ಮ್ಯಾಲ ಇರಲಿ. ಬೇವಿನ ಗಿಡದ ಬುಡಕ ಬ್ಯಾಡ, ಹುಳಾ ಬೀಳ್ತಾವ."

ನಾನು ಬರೆಯುತ್ತಲೇ ಇದ್ದೆ. ಎಂಟಾದವು. ಮುಂದೆ ಗೌಂಡಿ ಎಂಟನ್ನೂ ಹಾಗೇ ಮಾಡಿದ. ಮಿರಗ ಹನಿಯುವ ಹೊತ್ತಿಗೆ ಬಾಗಿಲೂ ಕೂತಿತ್ತು. ಆದರೆ ಆ ಬೆಳಿಗ್ಗೆ ನನಗೆ ಒಂದು ತಿಳಿಯಲಿಲ್ಲ, ಕೇಳಿದೆ: "ಅತ್ತ್ಯಾರ, ನಿಮಗ ಬ್ಯಾಡಾಗೈತಿ ಅಂದ್ಕೊಂಡಿದ್ದೆ. ಇದೆಲ್ಲಾ ಯಾವಾಗ ವಿಚಾರ ಮಾಡಿದ್ರಿ?"

"ಬ್ಯಾಡಂತ ಯಾರಂದ್ರು? ಹೋದ ದೀಪಾವಳಿಗೆ ಬಂದಾಗ ಎಲ್ಲಾ ಆಕಿ ಮುಂದ ಹೇಳಿದ್ದೆ. ನಿಮಗ ಹೇಳಿರ್ತಾಳ ಅಂತ ಸುಮ್ಮನಿದ್ದೆ."

ಅವಳು ಹೇಳಿರಲಿಲ್ಲ. ಅವ್ವನನ್ನು ಕೇಳಿರಿ ಅಂದದ್ದಷ್ಟೇ, ಉಳಿದದ್ದು ಹೇಳಲು ಅವಳಿಗೆ ಹೊತ್ತು ಸಿಕ್ಕಿರಲಿಲ್ಲ. ಅತ್ತೆಗೂ ಅದು ಆಗಲೇ ಹೊಳೆದಿರಬೇಕು. ನಾವಿಬ್ಬರೂ ಸ್ವಲ್ಪ ಹೊತ್ತು ತಗ್ಗಿನ ಎರಡು ಕಡೆ ನಿಂತು ನೀರು ನೋಡಿದೆವು. ಅದು ತನ್ನ ಪಾಡಿಗೆ ಇಂಗುತ್ತಿತ್ತು, ಅರ್ಧ ತಾಸಿಗೆ ಒಂದು ಇಂಚು.

ಅತ್ತೆ ಕಣ್ಣು ಒರೆಸಿಕೊಳ್ಳಲು ಸೆರಗು ಹುಡುಕಿದರು. ತಲೆಯ ಮೇಲೆ ಅದು ಇಲ್ಲವೆಂಬುದು ಆಗ ತಿಳಿಯಿತು. ಗಾಬರಿಯಾಗಿ ಹಣೆಯ ಕೆಳಗಿನವರೆಗೂ ಎಳೆದುಕೊಂಡರು. ಸರಸರ ಕೊಟ್ಟಿಗೆಗೆ ಹೋಗಿ, ನನಗೆ ಬೆನ್ನು ಮಾಡಿ ನಿಂತು, ಎಮ್ಮೆಯ ಕಿವಿಯಲ್ಲಿ ಅಂದರು:

"ಎಂಟೂ ಬರಕೊಂಡಾರೇನ್ ಕೇಳ."